ಮನೆಯಲ್ಲೇ ಹಿರಿಯರ ಆರೈಕೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಜನ ಮತ್ತು ಹಣ

ವಯಸ್ಸಾದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಒಂದೇ ಬಗೆಯ ಕೆಲಸವಲ್ಲ. ಮೊಣಕಾಲು ಸೋತವರಿಗೆ ಬಚ್ಚಲಿಗೆ ಹೋಗುವಾಗ ಕೈಯಾಸರೆ, ಹೊತ್ತಿಗೆ ಸರಿಯಾಗಿ ಮಾತ್ರೆ, ಬಿಸಿ ಗಂಜಿ ಇಷ್ಟಾದರೆ ಸಾಕು ಎನ್ನುವ ಮನೆಗಳಿವೆ. ಪಾರ್ಶ್ವವಾಯು ಬಡಿದು ಒಂದು ಬದಿ ಸ್ವಾಧೀನ ತಪ್ಪಿದವರಿಗೂ ತೊಡೆಯ ಮೂಳೆ ಮುರಿದು ಮಲಗಿದವರಿಗೂ ಇಡೀ ದೇಹದ ಚಾಕರಿ ಬೇಕು: ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಮಗ್ಗುಲು ತಿರುಗಿಸಬೇಕು. ಮೂತ್ರದ ನಳಿಕೆ, ಮೂಗಿನ ಮೂಲಕ ಆಹಾರ ಕೊಡುವ ನಳಿಕೆ, ಹುಣ್ಣಿನ ಡ್ರೆಸ್ಸಿಂಗ್, ಇನ್ಸುಲಿನ್ ಇವೆಲ್ಲ ಕಲಿತವರ ಕೈಯಲ್ಲೇ ಆಗಬೇಕಾದ ಶುಶ್ರೂಷೆ. ಮರೆವಿನ ಕಾಯಿಲೆಯವರದು ಇನ್ನೊಂದು ದಾರಿ. ಅವರಿಗೆ ನಡೆಯಲು ಬರುತ್ತದೆ, ಉಣ್ಣಲು ಬರುತ್ತದೆ, ಆದರೆ ನಡುರಾತ್ರಿ ಬಾಗಿಲು ತೆರೆದು ತೋಟಕ್ಕೆ ಇಳಿದುಬಿಡುತ್ತಾರೆ. ಅಲ್ಲಿ ಬೇಕಾದುದು ಎಚ್ಚರವಾಗಿರುವ ಒಂದು ಜೀವ. ಜನ ಹುಡುಕಲು ಹೊರಡುವ ಮೊದಲು ತಮ್ಮ ಮನೆಗೆ ಬೇಕಾದ ಆರೈಕೆ ಯಾವುದು ಎಂದು ಸರಿಯಾಗಿ ತಿಳಿಯದ ಮನೆಯವರು, ಅಡುಗೆಯವರು ಸಾಕಾಗುವಲ್ಲಿ ಹೋಂ ನರ್ಸಿಗೆ ಹಣ ಸುರಿಯುತ್ತಾರೆ. ನರ್ಸ್ ಬೇಕಾದಲ್ಲಿ ಏನೂ ಅರಿಯದ ಹುಡುಗಿಯ ಕೈಗೆ ರೋಗಿಯನ್ನು ಒಪ್ಪಿಸುವುದೂ ಉಂಟು.

ಭಾರತದಲ್ಲಿ 60 ವರ್ಷ ದಾಟಿದವರು 2011ರ ಜನಗಣತಿಯಲ್ಲಿ 10.38 ಕೋಟಿ, ಜನಸಂಖ್ಯೆಯ ಶೇ. 8.6. ಕರ್ನಾಟಕದಲ್ಲಿ ಅದೇ ವರ್ಷ ಈ ಪಾಲು ಶೇ. 9.5ರ ಹತ್ತಿರ ಇತ್ತು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಪ್ರಕಾರ 2050ರ ವೇಳೆಗೆ ದೇಶದಲ್ಲಿ ಐವರಲ್ಲಿ ಒಬ್ಬರು ಹಿರಿಯ ನಾಗರಿಕರಾಗಿರುತ್ತಾರೆ. ಮಕ್ಕಳು ಕಡಿಮೆ ಹುಟ್ಟುವ, ಹುಟ್ಟಿದವರು ಓದಿ ಊರು ಬಿಡುವ ದಕ್ಷಿಣ ಕನ್ನಡದಂಥ ಜಿಲ್ಲೆಯಲ್ಲಿ ಆ ಕಾಲ ಆಗಲೇ ಬಂದಂತಿದೆ. ಫಲ್ಗುಣಿ ನದಿಯ ದಂಡೆಯ ಪೊಳಲಿಯಿಂದ ಹಿಡಿದು ಚಾರ್ಮಾಡಿ ಘಾಟಿಯ ಬುಡದವರೆಗೆ ಯಾವ ಗ್ರಾಮಕ್ಕೆ ಹೋದರೂ ಎರಡೇ ಜೀವ, ಕೆಲವೆಡೆ ಒಂದೇ ಜೀವ, ವಾಸವಿರುವ ದೊಡ್ಡ ಮನೆಗಳು ಕಾಣಸಿಗುತ್ತವೆ.

ಹಿಂದೆ ಈ ಚಾಕರಿ ನಡೆಯುತ್ತಿದ್ದುದು ಸಂಬಳದ ಮೇಲಲ್ಲ. ಬಂಟರು, ಬಿಲ್ಲವರು ಮುಂತಾದ ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟು ಇದ್ದಾಗ ವಯಸ್ಸಾದ ಹೆಂಗಸು ತನ್ನ ಕುಟುಂಬದ ಮನೆಯಲ್ಲೇ, ತನ್ನ ಹೆಣ್ಣುಮಕ್ಕಳು ಮತ್ತು ಅವರ ಮಕ್ಕಳ ನಡುವೆ ಇರುತ್ತಿದ್ದಳು. ಬ್ರಾಹ್ಮಣರ, ಕ್ರೈಸ್ತರ, ಮುಸ್ಲಿಮರ ಮನೆಗಳಲ್ಲಿ ಅದು ಸೊಸೆಯ ಪಾಲಿಗೆ ಬರುತ್ತಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು, ದೊಡ್ಡ ಹಿಡುವಳಿಗಳು ಒಡೆದವು, ಕೂಡುಕುಟುಂಬಗಳು ಪಾಲಾದವು. ಅದು ನ್ಯಾಯದ ಹೆಜ್ಜೆಯೇ ಆಗಿತ್ತು. ಆದರೆ ಹತ್ತು ಕೈಗಳಿದ್ದ ಮನೆಯಲ್ಲಿ ನಾಲ್ಕು ಕೈ ಉಳಿದದ್ದೂ ಅದರ ಜೊತೆಗೇ ನಡೆಯಿತು. ಮುಂಬಯಿಯ ಹೋಟೆಲು, ಆಮೇಲೆ ಕೊಲ್ಲಿ ರಾಷ್ಟ್ರಗಳು, ಈಗ ಬೆಂಗಳೂರು ಉಳಿದ ಕೈಗಳನ್ನೂ ಸೆಳೆದುಕೊಂಡವು.

ಬೀಡಿಯ ಪಾತ್ರವನ್ನು ಈ ವಿಷಯದಲ್ಲಿ ಯಾರೂ ಎಣಿಸುವುದಿಲ್ಲ, ಎಣಿಸಬೇಕು. ಬಂಟ್ವಾಳ, ಬೆಳ್ತಂಗಡಿಯ ಸಾವಿರಾರು ಹೆಂಗಸರು ದಶಕಗಳ ಕಾಲ ಜಗಲಿಯಲ್ಲಿ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಬೀಡಿ ಕಟ್ಟಿದರು. ಆ ದುಡಿಮೆ ಮನೆಯಲ್ಲೇ ನಡೆಯುತ್ತಿದ್ದ ಕಾರಣ ಒಳಕೋಣೆಯಲ್ಲಿ ಮಲಗಿದ ಅತ್ತೆ ಕರೆದರೆ ಎದ್ದು ಹೋಗಲು ಸಾಧ್ಯವಿತ್ತು. ಬೀಡಿ ಕೆಲಸ ಕುಗ್ಗಿ, ಹೊಸ ತಲೆಮಾರಿನ ಹೆಂಗಸರು ಗೇರುಬೀಜದ ಕಾರ್ಖಾನೆಗೆ, ಅಂಗಡಿಗೆ, ಶಾಲೆಗೆ, ಆಸ್ಪತ್ರೆಗೆ ದುಡಿಯಲು ಹೋದಾಗ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಮನೆಯಲ್ಲಿ ಹಿರಿಯರನ್ನು ಬಿಟ್ಟರೆ ಬೇರೆ ಯಾರೂ ಇಲ್ಲದಂತಾಯಿತು. ಹೊರಗಿನ ಆಳಿನ ಅಗತ್ಯ ಹುಟ್ಟಿದ್ದು ಶ್ರೀಮಂತರ ಮನೆಯಲ್ಲಿ ಮಾತ್ರವಲ್ಲ.

ಜನ ಸಿಗುವ ದಾರಿ

ಮೊದಲ ದಾರಿ ನೆರೆಕರೆ. ದಿನಕ್ಕೆ ಎರಡು ಹೊತ್ತು ಬಂದು ಸ್ನಾನ ಮಾಡಿಸಿ, ಊಟ ಕೊಟ್ಟು ಹೋಗುವ ಹತ್ತಿರದ ಮನೆಯ ಹೆಂಗಸು ಸಿಕ್ಕರೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಭಾಷೆ ಒಂದೇ, ಅಡುಗೆಯ ರುಚಿ ಒಂದೇ, ಮಳೆಗಾಲದಲ್ಲಿ ರಸ್ತೆ ಕೆಟ್ಟರೂ ಬೇಲಿ ದಾಟಿ ಬರಬಲ್ಲಳು. ಸ್ವಸಹಾಯ ಸಂಘ, ಆಶಾ ಕಾರ್ಯಕರ್ತೆ, ಅಂಗನವಾಡಿ, ಚರ್ಚಿನ ವಾಳೆ (ವಾರ್ಡು), ಮಸೀದಿಯ ಜಮಾತು ಇವುಗಳ ಮೂಲಕ ವಿಚಾರಿಸಿದರೆ ಇಂಥವರ ಸುಳಿವು ಸಿಗುತ್ತದೆ. ಆದರೆ ರಾತ್ರಿ ಉಳಿಯಲು ನೆರೆಯವರು ಒಪ್ಪುವುದು ಕಡಿಮೆ. ಗಂಡಸರ ಚಾಕರಿಗೆ ಗಂಡಾಳು ಸಿಗುವುದು ಇನ್ನೂ ಕಷ್ಟ. ಎಪ್ಪತ್ತು ಕಿಲೋ ತೂಕದ ಗಂಡಸನ್ನು ಒಬ್ಬಳೇ ಹೆಂಗಸು ಎತ್ತಿ ಕೂರಿಸಲಾರಳು.

ಎರಡನೆಯದು ಹೋಂ ನರ್ಸ್. ಕರಾವಳಿಯಲ್ಲಿ ಈ ಹೆಸರಿನಿಂದ ಕರೆಯುವವರಲ್ಲಿ ನರ್ಸಿಂಗ್ ಓದಿದವರು ವಿರಳ. ಮಂಗಳೂರಿನ ಹಾಗೂ ತಾಲೂಕು ಪೇಟೆಗಳ ಏಜೆನ್ಸಿಗಳು ಉತ್ತರ ಕರ್ನಾಟಕ, ಮಲೆನಾಡು, ಕೇರಳ, ಈಚೆಗೆ ಈಶಾನ್ಯ ಮತ್ತು ಪೂರ್ವ ಭಾರತದ ರಾಜ್ಯಗಳಿಂದ ಹೆಂಗಸರನ್ನು ಕರೆತಂದು ಮನೆಗಳಿಗೆ ಕಳಿಸುತ್ತವೆ. ಕೆಲವರಿಗೆ ಯಾವುದೋ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದ ಅನುಭವ ಇರುತ್ತದೆ, ಕೆಲವರಿಗೆ ಅದೂ ಇರುವುದಿಲ್ಲ. ಏಜೆನ್ಸಿಯ ಹತ್ತಿರ ಕೇಳಲೇಬೇಕಾದ ಪ್ರಶ್ನೆಗಳನ್ನು ಅವಸರದಲ್ಲಿ ಯಾರೂ ಕೇಳುವುದಿಲ್ಲ: ಆಕೆ ಹಿಂದೆ ಎಂಥ ರೋಗಿಯನ್ನು ನೋಡಿದ್ದಾಳೆ, ನೋಂದಣಿ ಹಣ ಎಷ್ಟು, ಅದರಲ್ಲಿ ಎಷ್ಟು ವಾಪಸಾಗುತ್ತದೆ, ಸಂಬಳದಲ್ಲಿ ಆಕೆಯ ಕೈಗೆ ಸೇರುವುದು ಎಷ್ಟು, ಆಕೆ ಊರಿಗೆ ಹೋದರೆ ಬದಲಿ ಎಷ್ಟು ದಿನದಲ್ಲಿ ಬರುತ್ತಾಳೆ, ಬದಲಿಯವಳ ಬಸ್ಸು ಖರ್ಚು ಯಾರದು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಮುಂದಿನ ಜಗಳ ಅರ್ಧ ತಪ್ಪುತ್ತದೆ. ಗುರುತಿನ ದಾಖಲೆಯ ಪ್ರತಿ ಇಟ್ಟುಕೊಳ್ಳುವುದು, ಹತ್ತಿರದ ಪೊಲೀಸ್ ಠಾಣೆಗೆ ಮಾಹಿತಿ ಕೊಡುವುದು ಆಕೆಯ ಮೇಲಿನ ಅನುಮಾನದಿಂದ ಮಾಡುವ ಕೆಲಸ ಆಗಬಾರದು. ಒಂಟಿ ತೋಟದ ಮನೆಯಲ್ಲಿ ಆಕೆಯ ಸುರಕ್ಷೆಗೂ ಅದು ಬೇಕು.

ಭಾಷೆಯ ಪ್ರಶ್ನೆ ಚಿಕ್ಕದಲ್ಲ. ಈ ಸೀಮೆಯ ಹಿರಿಯರು ತುಳು, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಮರಾಠಿ ಆಡುವವರು. ಮರೆವಿನ ಕಾಯಿಲೆ ಏರಿದಂತೆ ಮೊದಲು ಹೋಗುವುದು ಆಮೇಲೆ ಕಲಿತ ಭಾಷೆ. ಐವತ್ತು ವರ್ಷ ಶಾಲೆಯ ಕನ್ನಡ, ಬ್ಯಾಂಕಿನ ಇಂಗ್ಲಿಷ್ ಆಡಿದವರೂ ಕೊನೆಗೆ ತುಳುವಿನಲ್ಲೇ ನೀರು ಕೇಳುತ್ತಾರೆ. ಹಾವೇರಿಯಿಂದಲೋ ಜಾರ್ಖಂಡಿನಿಂದಲೋ ಬಂದವಳಿಗೆ ಅದು ತಿಳಿಯದೆ, ಹಟ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾಳೆ. ನೀರು, ನೋವು, ಮೂತ್ರ, ಚಳಿ, ಹಸಿವು, ಹೆದರಿಕೆ ಇವುಗಳಿಗೆ ಆ ಮನೆಯಲ್ಲಿ ಬಳಸುವ ಇಪ್ಪತ್ತು ಮೂವತ್ತು ಮಾತುಗಳನ್ನು ಬಂದವಳಿಗೆ ಮೊದಲ ದಿನವೇ ಕಲಿಸುವುದು ಯಾವ ಔಷಧಿಗಿಂತಲೂ ಕಡಿಮೆಯದಲ್ಲ.

ಮೂರನೆಯದು ಗಂಟೆಯ ಲೆಕ್ಕದಲ್ಲಿ ಬರುವ ತಜ್ಞರು. ಮೂಡುಬಿದಿರೆಯಲ್ಲಿ ಆಳ್ವಾಸ್ ಸಂಸ್ಥೆಯ ನರ್ಸಿಂಗ್ ಮತ್ತು ಫಿಸಿಯೋಥೆರಪಿ ಕಾಲೇಜುಗಳಿವೆ, ಉಜಿರೆಯಲ್ಲಿ ಎಸ್.ಡಿ.ಎಂ. ಆಸ್ಪತ್ರೆ ಇದೆ, ಮಂಗಳೂರಿನಲ್ಲಿ ನಾಲ್ಕಾರು ವೈದ್ಯಕೀಯ ಕಾಲೇಜುಗಳಿವೆ. ಹೀಗಾಗಿ ಕಲಿತ ನರ್ಸುಗಳ, ಫಿಸಿಯೋಥೆರಪಿಸ್ಟುಗಳ ಬರ ಜಿಲ್ಲೆಗೆ ಇಲ್ಲ. ಆದರೆ ಕಲಿತವರು ಕೊಲ್ಲಿಗೆ, ಯುರೋಪಿಗೆ, ಬೆಂಗಳೂರಿಗೆ ಹೋಗುತ್ತಾರೆ. ಉಳಿದವರು ಪೇಟೆಯಲ್ಲಿ ದುಡಿಯುತ್ತಾರೆ. ಒಂದೊಂದು ಮನೆ ಒಂದೊಂದು ತೋಟದ ನಡುವೆ ಇರುವ ಹಳ್ಳಿಗಳಿಗೆ ಹೋಗಿ ದಿನಕ್ಕೆ ಐದಾರು ರೋಗಿಗಳನ್ನು ನೋಡಿ ಬರುವುದು ಅವರಿಗೆ ಗಿಟ್ಟುವುದಿಲ್ಲ. 2024ರಲ್ಲಿ ಪೊಳಲಿ–ಅಡ್ಡೂರು ಸೇತುವೆಯ ಮೇಲೆ ಭಾರೀ ವಾಹನಗಳನ್ನು ನಿಲ್ಲಿಸಿದಾಗ ಬಸ್ಸು ಹಿಡಿದು ಬರುವವರಿಗೆ ಎಷ್ಟು ಸುತ್ತಾಯಿತೆಂದು ಆ ಭಾಗದವರಿಗೆ ಗೊತ್ತು. ಹೊರಗಿನಿಂದ ಬರುವ ಆರೈಕೆ ರಸ್ತೆಯ ಮೇಲೆ, ಬಸ್ಸಿನ ಮೇಲೆ ನಿಂತಿದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ; ಖಾಸಗಿ ಬಸ್ಸುಗಳೇ ಹೆಚ್ಚಿರುವ ಈ ಜಿಲ್ಲೆಯಲ್ಲಿ ಕೆಲಸಕ್ಕೆ ಬರುವ ಹೆಂಗಸಿಗೆ ಅದರ ಪ್ರಯೋಜನ ಎಲ್ಲ ಊರಲ್ಲೂ ಸಿಗದು.

ಯಾರೇ ಬರಲಿ, ಹಾಸಿಗೆ ಹಿಡಿದವರ ಆರೈಕೆಯಲ್ಲಿ ಒಂದು ಕೆಲಸ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಅದು ಮಗ್ಗುಲು ಬದಲಾವಣೆ. ಒಂದೇ ಭಂಗಿಯಲ್ಲಿ ಮಲಗಿದರೆ ಎಲುಬು ಉಬ್ಬಿರುವಲ್ಲಿ, ಅಂದರೆ ಬೆನ್ನಿನ ಕೆಳತುದಿ, ಸೊಂಟದ ಬದಿ, ಹಿಮ್ಮಡಿಗಳಲ್ಲಿ, ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಮೊದಲು ಕಾಣುವುದು ಬೆರಳಿನಿಂದ ಒತ್ತಿದರೂ ಮಾಸದ ಕೆಂಪು. ಕಪ್ಪು ಮೈಯಲ್ಲಿ ಕೆಂಪು ಕಾಣದೆ ಆ ಜಾಗ ಗಡುಸಾಗಿ, ಬಿಸಿಯಾಗಿ ಕೈಗೆ ತಾಗುತ್ತದೆ. ಆ ಹಂತದಲ್ಲಿ ಎಚ್ಚೆತ್ತರೆ ನಾಲ್ಕು ದಿನದಲ್ಲಿ ಸರಿಯಾಗುತ್ತದೆ, ಬಿಟ್ಟರೆ ಎಲುಬಿನವರೆಗೆ ಹುಣ್ಣು ಕೊರೆಯುತ್ತದೆ. ಎರಡು ಗಂಟೆಗೊಮ್ಮೆ ಎಡ, ಬೆನ್ನು, ಬಲ ಎಂದು ತಿರುಗಿಸಬೇಕು. ತಿರುಗಿಸುವಾಗ ಮೈಯನ್ನು ಎಳೆಯದೆ, ಕೆಳಗೆ ಅಡ್ಡ ಹಾಸಿದ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಿ ಸರಿಸಬೇಕು; ಮೊಣಕಾಲುಗಳ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. ಗಾಳಿಹಾಸಿಗೆ ಇದ್ದರೂ ಈ ತಿರುಗಿಸುವಿಕೆ ತಪ್ಪದು, ಕರೆಂಟು ಹೋದರೆ ಅದರ ಪಂಪು ನಿಲ್ಲುತ್ತದೆ. ಮಳೆಗಾಲದಲ್ಲಿ ಒಣಗದ ಬಟ್ಟೆ, ಬೇಸಿಗೆಯಲ್ಲಿ ಬೆವರು ಎರಡೂ ಚರ್ಮಕ್ಕೆ ಶತ್ರುಗಳು. ಗೋಡೆಯಲ್ಲಿ ಒಂದು ಹಾಳೆ ಅಂಟಿಸಿ ತಿರುಗಿಸಿದ ಹೊತ್ತನ್ನು ಬರೆಯುತ್ತ ಹೋದರೆ ಹೊಸಬರು ಬಂದಾಗಲೂ ಕ್ರಮ ತಪ್ಪುವುದಿಲ್ಲ.

ಖರ್ಚಿನ ಲೆಕ್ಕ

ಮನೆಯಲ್ಲೇ ಉಳಿಯುವ ಹೋಂ ನರ್ಸಿಗೆ ತಿಂಗಳಿಗೆ 20,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿಯೋಣ. ರೋಗಿಯ ಸ್ಥಿತಿ, ಕಲಿಕೆ ನೋಡಿ ಅದು ಏರುತ್ತದೆ. ಡಯಾಪರು ದಿನಕ್ಕೆ ಮೂರು, ಒಂದಕ್ಕೆ 30ರಿಂದ 40 ರೂಪಾಯಿಯಂತೆ ಹತ್ತಿರ ಹತ್ತಿರ 3,000. ಔಷಧಿಗೆ, ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಗೆ, ಆಗಾಗ ನಳಿಕೆ ಬದಲಿಸಲು ಬರುವವರಿಗೆ, ರಿಕ್ಷಾಕ್ಕೆ, ಬಂದವಳ ಊಟಕ್ಕೆ ಎಲ್ಲ ಸೇರಿಸಿದರೆ ತಿಂಗಳ ಖರ್ಚು 30,000ದ ಆಚೀಚೆ ನಿಲ್ಲುತ್ತದೆ. ವರ್ಷಕ್ಕೆ ಮೂರೂವರೆ ಲಕ್ಷಕ್ಕೂ ಮೇಲೆ. ಆಸ್ಪತ್ರೆಯ ಖರ್ಚು ಒಮ್ಮೆ ಬಂದು ಮುಗಿಯುತ್ತದೆ, ಇದು ಎಷ್ಟು ವರ್ಷ ಎಂದು ಹೇಳಲು ಬಾರದ ಖರ್ಚು. ಪಾರ್ಶ್ವವಾಯುವಿನ ನಂತರ ಹತ್ತು ವರ್ಷ ಬದುಕಿದವರಿದ್ದಾರೆ, ಬದುಕಲಿ ಎಂದೇ ಎಲ್ಲರ ಆಸೆ.

ಸಲಕರಣೆಗೆ ಹಣ ಹಾಕುವ ಮೊದಲು ಎರವಲು ಕೇಳುವುದು ಜಾಣತನ. 1982ರಿಂದ ಕೆಲಸ ಮಾಡುತ್ತಿರುವ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಜನಮಂಗಲ ಕಾರ್ಯಕ್ರಮದಲ್ಲಿ ಗಾಲಿಕುರ್ಚಿ, ವಾಕರ್, ವಾಟರ್ ಬೆಡ್ ಮುಂತಾದುವನ್ನು ಅಗತ್ಯವಿದ್ದವರಿಗೆ ಕೊಡುತ್ತದೆ. ತೀರ ನಿರ್ಗತಿಕರಿಗೆ ಮಾಸಾಶನವೂ, ವಾತ್ಸಲ್ಯ ಕಾರ್ಯಕ್ರಮದಲ್ಲಿ ಮನೆಯೂ ಇದೆ. ಬಡತನದ ರೇಖೆಗಿಂತ ಕೆಳಗಿನ ಹಿರಿಯರಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಸಲಕರಣೆ ಒದಗಿಸುತ್ತಿದೆ. ಮನೆಯ ಒಳಗೆ ಮಾಡಬೇಕಾದ ಚಿಕ್ಕ ಬದಲಾವಣೆಗಳು, ಅಂದರೆ ಎತ್ತರದ ಹೊಸ್ತಿಲಿಗೆ ಇಳಿಜಾರು, ಬಚ್ಚಲಿಗೆ ಹಿಡಿಕೆ, ಜಾರದ ನೆಲ, ಹೊರಗಿನ ಪಾಯಿಖಾನೆಯ ಬದಲು ಮಲಗುವ ಕೋಣೆಯ ಹತ್ತಿರ ಕಮೋಡು, ಇವು ಮೂಳೆ ಮುರಿಯುವ ಮೊದಲೇ ಆಗಬೇಕಾದವು.

ಹಣದ ಮೂಲಗಳು

ದೊಡ್ಡ ಮೂಲ ಇಂದಿಗೂ ತೋಟವೇ. ಆದರೆ ಅಡಿಕೆಯ ಹಣಕ್ಕೆ ಒಂದು ಕೊರತೆ ಇದೆ: ಫಸಲು ವರ್ಷಕ್ಕೊಮ್ಮೆ ಬರುತ್ತದೆ, ಸಂಬಳ ತಿಂಗಳಿಗೊಮ್ಮೆ ಹೋಗುತ್ತದೆ. ಒಣಗಿಸಿದ ಚಾಲಿ ಅಡಿಕೆಯನ್ನು ದಾಸ್ತಾನಿಟ್ಟು ತಿಂಗಳ ಅಗತ್ಯಕ್ಕೆ ತಕ್ಕಂತೆ ಬೆಳೆಗಾರರ ಸಹಕಾರಿಯಾದ ಕ್ಯಾಂಪ್ಕೋಗೋ ಊರಿನ ಅಂಗಡಿಗೋ ಮಾರುವವರು ಇದನ್ನು ಹೇಗೋ ತೂಗಿಸುತ್ತಾರೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ತಗುಲಿದ ತೋಟದವರಿಗೆ ಆ ದಾರಿ ಇಲ್ಲ. ತೋಟ ನೋಡಿಕೊಳ್ಳುತ್ತಿದ್ದ ಯಜಮಾನರೇ ಹಾಸಿಗೆ ಹಿಡಿದರೆ ಆದಾಯ ಇಳಿಯುವುದೂ ಖರ್ಚು ಏರುವುದೂ ಒಟ್ಟಿಗೆ ನಡೆಯುತ್ತದೆ.

ಎರಡನೆಯ ವರ್ಗ ಪಿಂಚಣಿದಾರರು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದ ಜಿಲ್ಲೆಗಳಲ್ಲಿ ಬ್ಯಾಂಕಿನಿಂದಲೂ ಶಾಲೆಯಿಂದಲೂ ನಿವೃತ್ತರಾದವರ ಸಂಖ್ಯೆ ಸಣ್ಣದಲ್ಲ. ಮನೆ ಆರೈಕೆಯ ಸಂಬಳವನ್ನು ತಿಂಗಳು ತಪ್ಪದೆ ಕೊಡಬಲ್ಲವರು ಇವರೇ. ನಿವೃತ್ತಿಯ ಹಣವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಟ್ಟವರಿಗೆ 2023ರ ಏಪ್ರಿಲ್‌ನಿಂದ ಮಿತಿ 30 ಲಕ್ಷಕ್ಕೆ ಏರಿದೆ. ಆಗ ನಿಗದಿಯಾದ ಶೇ. 8.2ರ ಬಡ್ಡಿಯಲ್ಲಿ ಅಷ್ಟೂ ಹಣ ಇಟ್ಟರೆ ಮೂರು ತಿಂಗಳಿಗೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500 ಬರುತ್ತದೆ. ಜೀವಮಾನದ ಉಳಿತಾಯದ ಬಡ್ಡಿ ಒಬ್ಬ ಹೋಂ ನರ್ಸಿನ ಸಂಬಳಕ್ಕೆ ಸರಿಹೋಗುತ್ತದೆ, ಡಯಾಪರಿಗೆ ಬೇರೆ ಹುಡುಕಬೇಕು.

ಬೀಡಿ ಕಟ್ಟಿ ವಯಸ್ಸಾದವರ ಸ್ಥಿತಿ ಬೇರೆ. ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರಲ್ಲಿ 1,000 ರೂಪಾಯಿಗೆ ನಿಗದಿ ಮಾಡಲಾಯಿತು. ಬೆರಳು ಸವೆಯುವಷ್ಟು ವರ್ಷ ದುಡಿದವರಿಗೆ ತಿಂಗಳಿಗೆ ಇಷ್ಟು ಸಿಗುವುದು ನ್ಯಾಯವಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಆರಂಭವಾಯಿತು. ಅದರಲ್ಲಿ 65 ದಾಟಿದ ಬಡವರಿಗೆ ಸಿಗುವ 1,200 ರೂಪಾಯಿ ಹತ್ತು ದಿನದ ಡಯಾಪರಿಗೆ ಆದೀತು. 2023ರ ಆಗಸ್ಟಿನಿಂದ ಮನೆಯ ಯಜಮಾನಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿ ಅನೇಕ ಮನೆಗಳಲ್ಲಿ ಅತ್ತೆಯ ಔಷಧಿಗೇ ಹೋಗುತ್ತದೆ.

ವಿಮೆಯ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು 70 ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ರಕ್ಷಣೆಗೆ ಚಾಲನೆ ಕೊಟ್ಟಿತು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ, ಧರ್ಮಸ್ಥಳ ಯೋಜನೆಯ ಸದಸ್ಯರಿಗೆ ಸಂಪೂರ್ಣ ಸುರಕ್ಷಾ ಎಂಬ ಏರ್ಪಾಡುಗಳೂ ಬಂದವು. ಇವೆಲ್ಲವೂ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. ಖಾಸಗಿ ವಿಮೆಯಲ್ಲೂ ಮನೆಯಲ್ಲಿ ಪಡೆಯುವ ಚಿಕಿತ್ಸೆ ಎಂದರೆ ಆಸ್ಪತ್ರೆಯಲ್ಲೇ ಆಗಬೇಕಾದ ಚಿಕಿತ್ಸೆಯನ್ನು ವೈದ್ಯರ ಆದೇಶದ ಮೇಲೆ ಕೆಲವು ದಿನ ಮನೆಯಲ್ಲಿ ಕೊಡುವುದು. ಮೈ ಒರೆಸಿ, ಮಗ್ಗುಲು ತಿರುಗಿಸುವವಳ ಸಂಬಳ ಅದರಲ್ಲಿ ಬರುವುದಿಲ್ಲ. ಆಸ್ಪತ್ರೆಯ ಮಂಚಕ್ಕೆ ಲಕ್ಷಗಟ್ಟಲೆ ಕೊಡಲು ಸಿದ್ಧವಿರುವ ವ್ಯವಸ್ಥೆ ಮನೆಯ ಮಂಚಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಹಾಸಿಗೆ ಹುಣ್ಣು ಕೊಳೆತು, ರಕ್ತಕ್ಕೆ ನಂಜೇರಿ ಆಸ್ಪತ್ರೆ ಸೇರಿದರೆ ಹಣ ಸಿಗುತ್ತದೆ, ಹುಣ್ಣಾಗದಂತೆ ನೋಡಿಕೊಳ್ಳಲು ಸಿಗುವುದಿಲ್ಲ. ಇಡೀ ವಿಷಯದಲ್ಲಿ ತುರ್ತಾಗಿ ತಿದ್ದಬೇಕಾದ ತಪ್ಪು ಇದೇ.

ಗೊತ್ತಿದ್ದರೆ ಕೇಳಿ ಪಡೆಯಬಹುದಾದ ಕೆಲವು ಸಹಾಯಗಳಿವೆ. ಪಾರ್ಕಿನ್ಸನ್ ಸೇರಿದಂತೆ ಕೆಲವು ಕಾಯಿಲೆಗಳಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರಕಾರ 2024–25ರ ಬಜೆಟ್ಟಿನಲ್ಲಿ ಹೇಳಿತು. ಆರೈಕೆ ಮಾಡುವವರನ್ನೇ ಗುರುತಿಸಿದ ಹೆಜ್ಜೆ ಎಂಬ ಕಾರಣಕ್ಕೆ ಅದು ಮುಖ್ಯ. ಗ್ರಾಮ ಪಂಚಾಯತಿಗಳು ಸ್ವಂತ ಆದಾಯದ ಶೇ. 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕೆಂಬ ನಿಯಮವಿದೆ. ಪಾರ್ಶ್ವವಾಯುವಿನಿಂದ ಶಾಶ್ವತ ಊನ ಉಳಿದ ಹಿರಿಯರು ಅಂಗವಿಕಲತೆಯ ಗುರುತಿನ ಚೀಟಿ ಮಾಡಿಸಿಕೊಂಡರೆ ಇದಕ್ಕೂ ಪ್ರತ್ಯೇಕ ಪಿಂಚಣಿಗೂ ಅರ್ಜಿ ಹಾಕಬಹುದು. ಪಂಚಾಯತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಅರ್ಜಿಯ ದಾರಿ ತಿಳಿಯುತ್ತದೆ. ಆದಾಯ ತೆರಿಗೆ ಕಟ್ಟುವ ಮಕ್ಕಳಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮರೆವಿನ ಕಾಯಿಲೆ, ಪಾರ್ಕಿನ್ಸನ್ ಮುಂತಾದ ಗೊತ್ತುಪಡಿಸಿದ ಕಾಯಿಲೆಗಳ ಚಿಕಿತ್ಸೆಗೆ ಒಂದು ಲಕ್ಷದವರೆಗೆ ವಿನಾಯಿತಿ ಇದೆ.

ಆಸ್ತಿ ಮತ್ತು ಕಾನೂನು

ಮಕ್ಕಳು ನೋಡಿಕೊಳ್ಳುವರೆಂಬ ನಂಬಿಕೆಯಲ್ಲಿ ಜಾಗವನ್ನು ದಾನಪತ್ರ ಮಾಡಿ ಕೊಟ್ಟು, ಆಮೇಲೆ ಅದೇ ಮನೆಯಲ್ಲಿ ಬೇಡವಾದವರು ಎಲ್ಲ ಜಾತಿಯಲ್ಲೂ ಇದ್ದಾರೆ. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ತಪ್ಪಿದಾಗ ಹಿಂಪಡೆಯಬಹುದು. ಷರತ್ತು ಪತ್ರದಲ್ಲಿ ಇರಲೇಬೇಕೇ ಎಂಬುದರ ಮೇಲೆ ಸುಪ್ರೀಂ ಕೋರ್ಟ್ 2022ರಲ್ಲಿ ಬಿಗಿಯಾಗಿ, 2025ರ ಜನವರಿಯಲ್ಲಿ ಹಿರಿಯರ ಪರವಾಗಿ ಉದಾರವಾಗಿ ಮಾತಾಡಿದೆ. ಕೋರ್ಟಿನ ಮನಸ್ಸನ್ನು ಕಾಯುವ ಬದಲು, ಪತ್ರ ಬರೆಸುವಾಗಲೇ ಜೀವಿತಾವಧಿಯ ವಾಸದ ಹಕ್ಕು, ಊಟ, ಔಷಧಿ, ಚಾಕರಿ ಇವನ್ನು ಒಂದೊಂದಾಗಿ ಬರೆಸುವುದು ಲೇಸು. ತೀರ ಅಗತ್ಯವಿಲ್ಲದಿದ್ದರೆ ದಾನಪತ್ರದ ಬದಲು ಮರಣಶಾಸನ ಸಾಕು.

ಅದೇ ಕಾಯ್ದೆಯಲ್ಲಿ ಜೀವನಾಂಶ ಕೇಳುವ ಹಕ್ಕೂ ಇದೆ. ಅರ್ಜಿ ಕೊಡಬೇಕಾದುದು ಸಹಾಯಕ ಕಮಿಷನರ ನ್ಯಾಯಮಂಡಳಿಗೆ: ಬಂಟ್ವಾಳ, ಮೂಡುಬಿದಿರೆಯವರು ಮಂಗಳೂರಿನಲ್ಲಿ, ಬೆಳ್ತಂಗಡಿಯವರು ಪುತ್ತೂರಿನಲ್ಲಿ. ವಕೀಲರ ಅಗತ್ಯವಿಲ್ಲ, 90 ದಿನದೊಳಗೆ ತೀರ್ಮಾನವಾಗಬೇಕು. ಮಕ್ಕಳಿಲ್ಲದವರು ಆಸ್ತಿಗೆ ವಾರಸುದಾರರಾಗುವ ನೆಂಟರಿಂದಲೂ ಕೇಳಬಹುದು. ತಿಂಗಳಿಗೆ 10,000 ರೂಪಾಯಿಯ ಮಿತಿ ಮಾತ್ರ ಮೇಲಿನ ಖರ್ಚಿನ ಮೂರನೆಯ ಒಂದು ಭಾಗವಷ್ಟೇ. ಸ್ವಂತ ಮಕ್ಕಳ ಮೇಲೆ ಅರ್ಜಿ ಕೊಡಲು ಕೈ ನಡುಗುವ ತಾಯಂದಿರಿಗೆ 14567 ಸಹಾಯವಾಣಿಯಲ್ಲಿ ಮೊದಲು ಮಾತಾಡಿ ನೋಡುವ ದಾರಿ ಇದೆ.

ಮನೆಯನ್ನೇ ಒತ್ತೆಯಿಟ್ಟು ತಿಂಗಳು ತಿಂಗಳು ಹಣ ಪಡೆಯುವ ಹಿಮ್ಮುಖ ಅಡಮಾನ ಸಾಲ 2007ರಿಂದ ಇದ್ದರೂ ಈ ಸೀಮೆಗೆ ಹೊಂದುವುದು ಕಷ್ಟ. ಅದು ಸ್ವಂತ ಹೆಸರಿನ ವಾಸದ ಮನೆಗೆ. ಇಲ್ಲಿಯ ಮನೆಗಳು ಕೃಷಿ ಭೂಮಿಯ ನಡುವೆ, ಪಾಲಾಗದ ಕುಟುಂಬದ ಹೆಸರಿನಲ್ಲಿ, ಅಥವಾ ಹಿಡುವಳಿಗೆ ತಾಗಿದ ಕುಮ್ಕಿ ಎಂಬ ಸರಕಾರಿ ಜಾಗಕ್ಕೆ ಚಾಚಿಕೊಂಡು ಇರುತ್ತವೆ.

ಸರಕಾರಿ ಆರೋಗ್ಯ ಸೇವೆ, ಗಡಿಯ ಆಚೆ ಮತ್ತು ಈಚೆ

ಹಿರಿಯರ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದು 2010ರಿಂದ ಇದೆ, ಗುಣವಾಗದ ಕಾಯಿಲೆಯಲ್ಲಿ ನೋವು ತಗ್ಗಿಸುವ ಉಪಶಾಮಕ ಆರೈಕೆಗೆ 2012ರಿಂದ ಇನ್ನೊಂದು. ಗ್ರಾಮದ ಆಯುಷ್ಮಾನ್ ಆರೋಗ್ಯ ಮಂದಿರ ಕೊಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ಹಿರಿಯರ ಆರೈಕೆ, ಉಪಶಾಮಕ ಆರೈಕೆ ಎರಡೂ ಸೇರಿವೆ. ಕರ್ನಾಟಕ ಸರಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಆರಂಭಿಸಿ, ಮನೆಮನೆಗೆ ಹೋಗಿ ಬಿ.ಪಿ., ಮಧುಮೇಹ ತಪಾಸಣೆ ಮಾಡುವ ಏರ್ಪಾಡನ್ನು ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಪಾರ್ಶ್ವವಾಯುವನ್ನೇ ತಡೆಯಬಲ್ಲ ಕೆಲಸವಾದ್ದರಿಂದ ಇದು ಬೆಲೆಯುಳ್ಳದ್ದು. ಆದರೆ ಆಗಲೇ ಹಾಸಿಗೆ ಹಿಡಿದವರ ಮನೆಗೆ ತಿಂಗಳು ತಿಂಗಳು ನರ್ಸ್ ಬರುವ ಕ್ರಮ ಇದರಿಂದ ಹುಟ್ಟಿಲ್ಲ.

ಅಂಥ ಕ್ರಮ ಬಂಟ್ವಾಳ ತಾಲೂಕಿನ ಗಡಿ ದಾಟಿ ಕೇರಳಕ್ಕೆ ಹೋದರೆ ಕಾಣುತ್ತದೆ. ಕೋಝಿಕ್ಕೋಡಿನಲ್ಲಿ 1993ರಲ್ಲಿ ವೈದ್ಯರೂ ಸ್ವಯಂಸೇವಕರೂ ಸೇರಿ ಶುರು ಮಾಡಿದ ನೋವು ನಿವಾರಣೆಯ ಕೆಲಸ, ಮಲಪ್ಪುರಂನಲ್ಲಿ ನೆರೆಹೊರೆಯ ಜಾಲವಾಗಿ ಬೆಳೆಯಿತು. 2008ರಲ್ಲಿ ಕೇರಳ ಸರಕಾರ ಅದನ್ನು ನೀತಿಯಾಗಿಸಿತು, ಪಂಚಾಯತಿಗಳು ಉಪಶಾಮಕ ನರ್ಸುಗಳನ್ನು ನೇಮಿಸಿದವು. ಹೀಗಾಗಿ ಕಾಸರಗೋಡಿನ ಕನ್ನಡ ಸೀಮೆಯಾದ ವರ್ಕಾಡಿ, ಮೀಂಜ, ಪೈವಳಿಕೆಯಂಥ ಪಂಚಾಯತಿಗಳಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಇರುತ್ತದೆ, ನರ್ಸ್ ಜೀಪಿನಲ್ಲಿ ಮನೆಗೆ ಬಂದು ನಳಿಕೆ ಬದಲಿಸುತ್ತಾಳೆ, ಹುಣ್ಣು ಕಟ್ಟುತ್ತಾಳೆ, ಮನೆಯವರಿಗೆ ಕಲಿಸಿಕೊಡುತ್ತಾಳೆ. ಆರೈಕೆಗಾಗಿ ಮನೆಯಲ್ಲಿ ಉಳಿದವರಿಗೆ ತಿಂಗಳಿಗೆ 600 ರೂಪಾಯಿಯ ಆಶ್ವಾಸಕಿರಣಂ ಎಂಬ ಸಹಾಯವನ್ನೂ ಆ ಸರಕಾರ ಗೊತ್ತುಮಾಡಿತು. ಮೊತ್ತ ಸಣ್ಣದು, ನರ್ಸ್ ಬರುವುದೂ ದಿನವಲ್ಲ. ಆದರೂ ಒಂದೇ ಭಾಷೆ, ಒಂದೇ ಬೆಳೆ, ಒಂದೇ ಬಗೆಯ ಮನೆಗಳಿರುವ ಎರಡು ಗ್ರಾಮಗಳಲ್ಲಿ ಒಂದು ಕಡೆ ಪಂಚಾಯತಿಗೆ ತನ್ನ ಹಾಸಿಗೆ ಹಿಡಿದವರು ಯಾರೆಂದು ಗೊತ್ತು, ಇನ್ನೊಂದು ಕಡೆ ಗೊತ್ತಿಲ್ಲ.

ಈಚೆ ಇದು ಆಗದ ಮಾತೇನಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ನರಳುವವರಿಗಾಗಿ ಹಗಲು ಪಾಲನಾ ಕೇಂದ್ರ ತೆರೆದಾಗ, ಮಕ್ಕಳನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಬಿಡುವ ವಾಹನ, ಫಿಸಿಯೋಥೆರಪಿ, ಊಟ ಎಲ್ಲ ಬಂದವು. ವರ್ಷಗಟ್ಟಲೆ ಬಿಡುವಿಲ್ಲದ ತಾಯಂದಿರಿಗೆ ಹಗಲು ಸಿಕ್ಕಿತು. ಆ ತಾಯಂದಿರಲ್ಲಿ ಹಲವರು ಈಗ ಸ್ವತಃ ವೃದ್ಧೆಯರು. ಅಂಥ ಒಂದು ಹಗಲು ಕೇಂದ್ರ ಮರೆವಿನ ಕಾಯಿಲೆಯವರಿಗಾಗಿ ತಾಲೂಕಿಗೆ ಒಂದರಂತೆ ಇದ್ದರೆ ಸೊಸೆಯೋ ಮಗಳೋ ಕೆಲಸ ಬಿಡಬೇಕಾಗುವುದಿಲ್ಲ. ಸ್ವ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಹುಟ್ಟಿದ್ದೇ 1982ರಲ್ಲಿ, ಉಜಿರೆಯಲ್ಲಿ. ಊರಿನ ಹೆಂಗಸರಿಗೆ ಹೊಲಿಗೆ ಕಲಿಸುವಂತೆ ಹಿರಿಯರ ಆರೈಕೆಯನ್ನೂ ಮೂರು ತಿಂಗಳು ಕಲಿಸಿ ಪ್ರಮಾಣಪತ್ರ ಕೊಟ್ಟರೆ, ತುಳು ಬಲ್ಲ, ಸಂಜೆ ತನ್ನ ಮನೆಗೆ ಮರಳಬಲ್ಲ ಆರೈಕೆಯವರು ಇಲ್ಲೇ ತಯಾರಾಗುತ್ತಾರೆ.

ಆರೈಕೆ ಮಾಡುವವಳ ಪಾಲು

ಹೋಂ ನರ್ಸ್ ಇಪ್ಪತ್ತನಾಲ್ಕು ಗಂಟೆಯ ಆಳು ಎಂಬ ತಿಳಿವಳಿಕೆ ತಪ್ಪು. ರಾತ್ರಿ ನಾಲ್ಕು ಸಲ ಏಳುವವಳಿಗೆ ಹಗಲು ಮೂರು ಗಂಟೆ ನಿದ್ದೆ ಬೇಕು, ವಾರಕ್ಕೆ ಅರ್ಧ ದಿನವಾದರೂ ಬಿಡುವು ಬೇಕು, ಮಲಗಲು ಮಂಚ, ತನ್ನ ಮಕ್ಕಳೊಡನೆ ಮಾತಾಡಲು ಹೊತ್ತು ಬೇಕು. ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತುಮಾಡಿದ ಮೊದಲ ರಾಜ್ಯ ಕರ್ನಾಟಕ, 2004ರಲ್ಲಿ. ಮನೆಯೊಳಗಿನ ದುಡಿಮೆಯ ಮೇಲೆ ಕಾನೂನಿನ ಕಣ್ಣು ಬೀಳುವುದು ಮಾತ್ರ ಇಂದಿಗೂ ಅಪರೂಪ. ಮನೆಗೆಲಸದವರಿಗೆ ಪ್ರತ್ಯೇಕ ಕಾಯ್ದೆಯ ವಿಚಾರ ಪರಿಶೀಲಿಸುವಂತೆ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಸರಕಾರಕ್ಕೆ ಹೇಳಿದೆ. ಅದು ಬರುವ ಮೊದಲು ಮನೆಯವರು ಮಾಡಬಹುದಾದುದು ಸಂಬಳವನ್ನು ಆಕೆಯ ಬ್ಯಾಂಕ್ ಖಾತೆಗೇ ಹಾಕುವುದು, ಅಸಂಘಟಿತ ಕಾರ್ಮಿಕರ ಇ–ಶ್ರಮ್ ನೋಂದಣಿ ಮಾಡಿಸುವುದು, ಕೆಲಸಕ್ಕೆ ಸೇರಿದ ದಿನವೇ ಬಿಡುವಿನ ದಿನಗಳನ್ನು ಬರೆದಿಡುವುದು.

ಸಂಬಳವಿಲ್ಲದೆ ನೋಡಿಕೊಳ್ಳುವ ಮಗಳು, ಸೊಸೆ, ಹೆಂಡತಿಯ ಲೆಕ್ಕ ಇನ್ನೂ ಹಿಂದುಳಿದಿದೆ. ಬೆಂಗಳೂರಿನ ಮಗ ಹಣ ಕಳಿಸುತ್ತಾನೆ, ಊರಿನ ಮಗಳು ಮೈ ತೊಳೆಯುತ್ತಾಳೆ, ಪಾಲಿನ ಹೊತ್ತಿಗೆ ಇಬ್ಬರೂ ಸಮಾನರು. ಇದರ ಬಗ್ಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಹಿರಿಯರು ಬದುಕಿರುವಾಗಲೇ ಕೂತು ಮಾತಾಡಿ, ನೋಡಿಕೊಳ್ಳುವವರಿಗೆ ತಿಂಗಳಿಗೆ ಒಂದು ಮೊತ್ತ ಗೊತ್ತುಮಾಡುವುದು, ವರ್ಷದಲ್ಲಿ ಕೆಲವು ವಾರ ಉಳಿದವರು ಊರಿಗೆ ಬಂದು ಅವರನ್ನು ಬಿಡಿಸುವುದು ಇವೆರಡೂ ಆಗಬೇಕಾದ ಕೆಲಸ.

ಕೊನೆಯ ದಿನಗಳು

ಗುಣವಾಗದೆಂದು ತಿಳಿದ ಮೇಲೆ ಮನೆಯಲ್ಲೇ ಇರಬೇಕೆಂಬುದು ಹೆಚ್ಚಿನ ಹಿರಿಯರ ಆಸೆ. ಅದಕ್ಕೆ ಮುಖ್ಯವಾಗಿ ಬೇಕಾದುದು ನೋವಿಗೆ ಮದ್ದು. 2014ರಲ್ಲಿ ಮಾದಕ ವಸ್ತು ಕಾಯ್ದೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಮಾರ್ಫಿನ್ ಮಾತ್ರೆ ಕೊಡುವುದು ಸುಲಭವಾಯಿತು. ಕ್ಯಾನ್ಸರಿನ ನೋವಿದ್ದವರ ಮನೆಯವರು ಅದನ್ನು ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಕೇಳಬೇಕು, ರಾತ್ರಿ ನೋವು ಏರಿದಾಗ ಪೊಳಲಿಯಿಂದ ಮಂಗಳೂರಿಗೆ ಓಡುವ ಹೊತ್ತಲ್ಲ. ನೋಡುತ್ತಿದ್ದ ವೈದ್ಯರ ಫೋನ್ ನಂಬರು, ಕೊನೆಯ ಡಿಸ್ಚಾರ್ಜ್ ಸಾರಾಂಶ, ಆಧಾರ್ ಪ್ರತಿ ಒಂದೆಡೆ ಇದ್ದರೆ ಮನೆಯಲ್ಲಿ ಸಾವು ಸಂಭವಿಸಿದಾಗ ವೈದ್ಯರು ಕಾರಣ ಬರೆದುಕೊಡಲು ತೊಡಕಾಗುವುದಿಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಸಂಧ್ಯಾ ಸುರಕ್ಷಾ ಮತ್ತು ಇತರ ಪಿಂಚಣಿ ನಿಲ್ಲಿಸಲು, ಹೆಂಡತಿಗೆ ಕುಟುಂಬ ಪಿಂಚಣಿ ಶುರುವಾಗಲು, ಉಳಿತಾಯ ಯೋಜನೆಯ ಹಣ ನಾಮಿನಿಗೆ ಸಿಗಲು ಆ ಪ್ರಮಾಣಪತ್ರವೇ ಆಧಾರ. ಹೋಂ ನರ್ಸಿನ ಆ ತಿಂಗಳ ಸಂಬಳವನ್ನು ದಿನ ಎಣಿಸಿ ಕಡಿಯದೆ ಪೂರ್ತಿ ಕೊಡುವುದು, ಮುಂದಿನ ಮನೆ ಸಿಗುವವರೆಗೆ ಕೆಲವು ದಿನ ಉಳಿಯಲು ಬಿಡುವುದು ಆಕೆಗೆ ಸಲ್ಲಬೇಕಾದ ಬಾಕಿ.